ಮಠಕ್ಕೆ ಬಿಟ್ಟ ಅಣ್ಣ

ಜನವರಿ 20, 2025, ಸೋಮವಾರ

ಇವತ್ತು ಹನ್ನೊಂದು ಗಂಟೆಗೆ ಸುಮಂಗಲಾ ಮೇಡಂ ನಮ್ಮ ವಾಟ್ಸಪ್ ಗುಂಪಿಗೆ ಒಂದು ಪಟ್ಟಿ ಹಾಕಿದರು. ಬಬಲೇಶ್ವರದ ಆಫೀಸಿನಲ್ಲಿ ಕೂತು ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರನ್ನೆಲ್ಲ ಓಡಾಡಿಸುವವರು ಅವರು. ಟಿಕೋಟಾದ ಆಚೆ ಮನೋರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಆಶ್ರಯ ಕೇಂದ್ರವನ್ನು ಮುಚ್ಚಿಸಿದ್ದಾರೆ. ಪರವಾನಗಿ ಇರಲಿಲ್ಲವಂತೆ, ಜನರನ್ನು ಕಟ್ಟಿ ಹಾಕುತ್ತಿದ್ದರಂತೆ. ಒಳಗಿರುವ ಮೂವತ್ತೊಂದು ಮಂದಿಯನ್ನು ಅವರವರ ಮನೆಗೆ ಮುಟ್ಟಿಸಬೇಕು, ಆಯಾ ಊರಿನ ಕಾರ್ಯಕರ್ತರೇ ಹೊಣೆ. ಪಟ್ಟಿಯಲ್ಲಿ ಹದಿನೇಳನೆಯ ಹೆಸರು: ಈರಯ್ಯ ಹಿರೇಮಠ, ನಿಡೋಣಿ, ವಯಸ್ಸು ಅಂದಾಜು ಐವತ್ತು.

ಅಂದಾಜು ಯಾಕೆ? ನಲವತ್ತೈದು. ನನಗಿಂತ ಏಳು ವರ್ಷಕ್ಕೆ ದೊಡ್ಡವನು. ನನ್ನ ಒಡಹುಟ್ಟಿದ ಅಣ್ಣ.

"ಸೌಭಾಗ್ಯ ಮೇಡಂ, ನಿಮ್ಮ ಊರಿನವರು ನೋಡ್ರಿ" ಎಂದು ಗುಂಪಿನಲ್ಲಿ ಯಾರೋ ಬರೆದರು. ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ. ಹನ್ನೆರಡು ವರ್ಷದಿಂದ ಈ ಪಂಚಾಯಿತಿಯಲ್ಲಿ ಅಂಗವಿಕಲರ ಅರ್ಜಿ ಬರೆಯುತ್ತ, ಕಾರ್ಡು ಮಾಡಿಸುತ್ತ, "ಇದು ಭಿಕ್ಷೆ ಅಲ್ಲ, ನಿಮ್ಮ ಹಕ್ಕು" ಎಂದು ಭಾಷಣ ಬಿಗಿಯುತ್ತ ಬಂದವಳು ನಾನು. ಪೋಲಿಯೋ ತಿಂದ ನನ್ನ ಎಡಗಾಲೇ ನನ್ನ ಅರ್ಹತೆ. ಸರ್ಕಾರ ನಮ್ಮನ್ನು ಕರೆಯುವ ಹೆಸರನ್ನು ಬದಲಿಸಿದಷ್ಟು ಸಲ ನನ್ನ ಮೂರು ಗಾಲಿ ಸ್ಕೂಟರಿನ ಟೈರು ಬದಲಿಸಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಅದಿರಲಿ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ನನ್ನಂಥವಳನ್ನು ನೋಡಿಯೇ ಮಾಡಿರಬೇಕು.

ಅಣ್ಣ ಬಬಲೇಶ್ವರದಲ್ಲಿ ನೀರೆತ್ತುವ ಮೋಟಾರಿಗೆ ವೈಂಡಿಂಗ್ ಕಟ್ಟುವ ಅಂಗಡಿ ಇಟ್ಟಿದ್ದ. ಹದಿನಾಲ್ಕು ವರ್ಷದ ಹಿಂದೆ ಅವನಿಗೆ ಮೋಟಾರಿನ ಒಳಗಿಂದ ಮಂದಿ ಮಾತಾಡುವುದು ಕೇಳಿಸತೊಡಗಿತು. ಅಂಗಡಿ ಮುಚ್ಚಿ ಮನೆಗೆ ಬಂದ, ಊಟ ಬಿಟ್ಟ, ಮಾತು ಬಿಟ್ಟ. ಅಪ್ಪ ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಅವನನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿ ಆ ಕೇಂದ್ರದಲ್ಲಿ ಬಿಟ್ಟು ಬಂದ. ಊರಿಗೆ ಹೇಳಿದ್ದು ಬೇರೆ. ನಮ್ಮದು ಜಂಗಮರ ಮನೆ. ಮಗನೊಬ್ಬನನ್ನು ಮಠಕ್ಕೆ ಮರಿಯಾಗಿ ಬಿಡುವುದು, ಅವನು ಮುಂದೆ ಸ್ವಾಮಿಯಾಗುವುದು ನಮ್ಮಲ್ಲಿ ಹೊಸದಲ್ಲ. "ಈರಯ್ಯಗ ವೈರಾಗ್ಯ ಬಂತು, ಮಹಾರಾಷ್ಟ್ರದ ಕಡೆ ಮಠಕ್ಕ ಬಿಟ್ಟ ಬಂದೀವಿ" ಎಂದುಬಿಟ್ಟರು. ಮರಿ ಬಿಡುವುದು ಎಂಟು-ಹತ್ತು ವರ್ಷದ ಹುಡುಗರನ್ನು, ಮೂವತ್ತೊಂದರ ಗಂಡಸನ್ನಲ್ಲ. ಆದರೂ ಊರು ನಂಬಿತು. ನಾನೂ ಬಾಯಿ ಮುಚ್ಚಿಕೊಂಡೆ. ಅಪ್ಪ ಸತ್ತ ಮೇಲೂ ತೆರೆಯಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೂರು ಸಲ ಕದ್ದು ಹೋಗಿ ನೋಡಿ ಬಂದಿದ್ದೇನೆ, ಅದೂ ಗೇಟಿನಾಚೆಯಿಂದ.

ಅಣ್ಣನನ್ನು ಮನೆಗೆ ಕರೆತರುತ್ತೇನೆ. ಊರಿಗೆ ನಿಜ ಹೇಳುತ್ತೇನೆ. ತರಬೇತಿಯಲ್ಲಿ ಕೊಟ್ಟ ಈ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಜನವರಿ 22, ಬುಧವಾರ

ಟಿಕೋಟಾಕ್ಕೆ ಹೋಗಿ ಬಂದೆ. ಆ ಕೇಂದ್ರ ಮೊದಲು ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಾಗಿತ್ತಂತೆ. ಹಣ್ಣು ಹರಡುವ ಉದ್ದನೆಯ ಸಾಲುಗಳ ನಡುವೆ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದಾರೆ. ಗಾಳಿ ಚೆನ್ನಾಗಿದೆ. ಒಣಗುವುದಕ್ಕೆ ಗಾಳಿ ಬೇಕಲ್ಲ.

ರಿಜಿಸ್ಟರ್ ತೋರಿಸಿದರು. ಒಬ್ಬೊಬ್ಬರಿಗೆ ಒಂದೊಂದು ಪುಟ, ದಿನಕ್ಕೊಂದು ಸಾಲು. ಅಣ್ಣನ ಪುಟಗಳಲ್ಲಿ ಒಂದೇ ಮಾತು: ಶಾಂತ. ಶಾಂತ. ಶಾಂತ. ಮಧ್ಯದಲ್ಲಿ ಒಂದು ವರ್ಷ ಆ ಪದವನ್ನೂ ಬರೆಯದೆ ಎರಡು ಚುಕ್ಕೆ ಇಟ್ಟು ಸಾಗಿಸಿದ್ದಾರೆ. ನನಗೆ ಮೈ ಉರಿಯಿತು. ಮನುಷ್ಯನ ಬದುಕಿಗೆ "ಮೇಲಿನಂತೆ" ಎಂದು ಬರೆಯುವ ಗುರುತು ಅದು.

ಅಲ್ಲಿ ಉಳಿದಿದ್ದ ಕಾವಲುಗಾರ ಲಾಡಲೇಸಾಬ, ಅರವತ್ತರ ಮನುಷ್ಯ, ಒಳ್ಳೆಯವನೇ. "ಹುಡುಗ ಭಾಳ ಚಲೋ ಅದಾನ್ರಿ ಅಕ್ಕಾರ" ಎಂದ. ನಲವತ್ತೈದರವನು ಇವರಿಗೆ ಹುಡುಗ. "ಕುಂದ್ರು ಅಂದಲ್ಲೇ ಕುಂದರತಾನ. ಏಳಬೇಕಾದ್ರ ಒಂದ ಚಪ್ಪಾಳಿ ಹೊಡೀರಿ, ಸಾಕು."

"ಚಪ್ಪಾಳಿ ಯಾಕ? ಹೆಸರ ಇಲ್ಲೇನು ಅವಂಗ?"

"ಮೂವತ್ತೊಂದ ಮಂದಿರಿ, ನಾ ಒಬ್ಬಾಂವ. ಎಷ್ಟ ಹೆಸರ ಕರೀಲಿ?"

ಅಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ. ಕೂದಲು ನುಣ್ಣಗೆ ಬೋಳಿಸಿದ್ದರು. ಬಲಗಾಲಿನ ಹರಡಿನ ಸುತ್ತ ಕರಿಯ ಕಡಗದಂಥ ಗಾಯದ ಗುರುತು. ನಾನು "ಯಣ್ಣಾ" ಎಂದೆ. ತಿರುಗಲಿಲ್ಲ. ನಾಲ್ಕು ಸಲ ಕರೆದೆ. ಲಾಡಲೇಸಾಬ ತಡೆಯಲಾರದೆ ಚಪ್ಪಾಳೆ ತಟ್ಟಿದ. ಅಣ್ಣ ಎದ್ದು ನಿಂತ.

ನಾನು ಅಲ್ಲೇ ಜಗಳ ತೆಗೆದೆ, ಕಾಯ್ದೆಯ ಹೆಸರು ಹೇಳಿ ಕೂಗಾಡಿದೆ. ಯಾರ ಮೇಲೆ ಕೂಗಾಡಿದೆನೋ! ಆ ಮುದುಕ ತಲೆ ತಗ್ಗಿಸಿ ನಿಂತ. ಸೋಮವಾರ ಕರೆದೊಯ್ಯಲು ಹೇಳಿದ್ದಾರೆ.

ಜನವರಿ 27, ಸೋಮವಾರ

ನನ್ನ ಹಿಂದೆ ಸ್ಕೂಟರಿನ ಮೇಲೆ ಕೂತು ಅಣ್ಣ ಟಿಕೋಟಾದಿಂದ ನಿಡೋಣಿಯವರೆಗೆ ಬಂದ. ನನ್ನ ಹೆಗಲು ಹಿಡಿ ಎಂದೆ. ಹಿಡಿದ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಚಹಾ ಕುಡಿಸಿದಾಗ ಬಿಟ್ಟ, ಮತ್ತೆ ಹಿಡಿ ಎನ್ನುವ ತನಕ ಮುಟ್ಟಲಿಲ್ಲ.

ಮನೆಯ ಮುಂದೆ ಮಂದಿ ಕಂಡು ಯಾರೋ ಸತ್ತಿದ್ದಾರೆ ಎಂದುಕೊಂಡೆ. ಅಲ್ಲ. ಅವ್ವ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಬಾಗಿಲಿಗೆ ಮಾವಿನ ತೊಂಗಲು ಕಟ್ಟಿದ್ದಳು. "ನನ್ನ ಮಗ ಮಠದಿಂದ ಬರಾಕತ್ಯಾನ, ಸ್ವಾಮಿ ಆಗಿ, ಅಜ್ಜಾರಾಗಿ ಬರಾಕತ್ಯಾನ" ಎಂದು ಓಣಿಗೆಲ್ಲ ಹೇಳಿಬಿಟ್ಟಿದ್ದಾಳೆ. ಇಪ್ಪತ್ತು-ಇಪ್ಪತ್ತೈದು ಹೆಂಗಸರು ಕಾಯಿ, ಊದಿನಕಡ್ಡಿ ಹಿಡಿದು ನಿಂತಿದ್ದರು.

ನಾನು ಬಾಯಿ ತೆರೆಯುವುದರೊಳಗೆ ಮಣೆ ಹಾಕಿದರು. "ಕುಂದರ್ರಿ ಯಪ್ಪಾ" ಎಂದರು. ಅಣ್ಣ ಕೂತ. ಕಾಲು ಮುಂದೆ ಚಾಚಿ ಎಂದರು. ಚಾಚಿದ. ಕಾಲ ಮೇಲೆ ನೀರು ಹಾಕಿದರು, ವಿಭೂತಿ ಹಚ್ಚಿದರು, ಹಣೆ ಮುಟ್ಟಿಸಿದರು. ಅವನು ಕಣ್ಣು ನೆಲಕ್ಕೆ ನೆಟ್ಟು ಅಲುಗಾಡದೆ ಕೂತ. ಹದಿನಾಲ್ಕು ವರ್ಷ ಕಲಿಸಿದ್ದು ಅದೇ ಅಲ್ಲವೇ!

"ಮೌನ ಅದಾರೇನ್ರಿ?" ಎಂದು ಒಬ್ಬಾಕೆ ಪಿಸುಗುಟ್ಟಿದಳು.

"ಹೂನವಾ, ಮೌನ" ಎಂದಳು ಅವ್ವ.

"ಕಾಲಾಗ ಇದೇನ್ರಿ, ಕರೀ ಗುರುತು?"

"ತಪಸ್ಸಿಗೆ ಕುಂತಿದ್ದರದು" ಎಂದಳು ಅವ್ವ. ಕಣ್ಣು ಕೂಡ ಮಿಟುಕಿಸಲಿಲ್ಲ.

ಅವರೆಲ್ಲ ಹೋದ ಮೇಲೆ ಅವ್ವನ ಮೇಲೆ ಹರಿಹಾಯ್ದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಇದ್ದಳು. "ಹುಚ್ಚಗ ಕಲ್ಲ ಒಗೀತಾರ. ಅಜ್ಜಾರಿಗೆ ಕಾಯಿ ಒಡೀತಾರ. ಅವಂಗ ಯಾವ್ದ ಬೇಕ ನೀನ ಹೇಳು, ಶಾಣ್ಯಾಕಿ ಅದಿ" ಎಂದಳು. ನಮ್ಮವ್ವ ಮುರಿಗೆವ್ವನ ಎದುರು ವಾದ ಹೂಡಿ ಗೆದ್ದವರು ಈ ಊರಿನಲ್ಲಿ ಯಾರೂ ಇಲ್ಲ.

ಈ ಭಾನುವಾರ ನಾನೇ ಓಣಿಯವರನ್ನು ಕರೆದು ನಿಜ ಹೇಳುತ್ತೇನೆ.

ಫೆಬ್ರವರಿ 2, ಭಾನುವಾರ

ಇವತ್ತು ಹೇಳಲಾಗಲಿಲ್ಲ. ಬಂದವರಲ್ಲಿ ಯಾರದೋ ಮನೆಯಲ್ಲಿ ಸಾವಾಗಿತ್ತು, ಅಂಥ ಹೊತ್ತಿನಲ್ಲಿ ಚೆನ್ನಾಗಿರುವುದಿಲ್ಲ.

ಅಣ್ಣ ಕಕ್ಕಸಿಗೆ ಹೋಗಲೂ ಹೇಳಬೇಕು. ಹೇಳದಿದ್ದರೆ ಅಲ್ಲೇ ಆಗುತ್ತದೆ. ಇವತ್ತು ಬಟ್ಟೆ ತೊಳೆಯುವಾಗ ಅಳು ಬಂತು. ಒಂದು ಕಾಲದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದವನು ಅವನು.

ಫೆಬ್ರವರಿ 5, ಬುಧವಾರ

ಇಲ್ಲಿಯ ಆಸ್ಪತ್ರೆಗೆ ಹೋದರೆ ಊರಿಗೆ ಗೊತ್ತಾಗುತ್ತದೆ ಎಂದು ವಿಜಯಪುರಕ್ಕೆ ಕರೆದೊಯ್ದೆ. ಜಲನಗರದಲ್ಲಿ ಡಾಕ್ಟರ್ ಮಧ್ವೇಶ ಅವರ ದವಾಖಾನೆ. ಚಿಕ್ಕ ವಯಸ್ಸಿನವರು, ಮೆದು ಮಾತು. ನಾನು ಅಣ್ಣನ ಕತೆಯನ್ನೆಲ್ಲ ಹೇಳಿ ಮುಗಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಈರಯ್ಯನವರ, ನಿಮಗ ಏನ ಬೇಕಾಗ್ಯದರಿ?" ಎಂದು ಅಣ್ಣನನ್ನು ಕೇಳಿದರು.

ಅಣ್ಣ ನನ್ನ ಮುಖ ನೋಡಿದ. ನಾನು ಉತ್ತರ ಕೊಡಲು ಹೋದೆ. ಡಾಕ್ಟರು ಕೈ ಅಡ್ಡ ಹಿಡಿದರು. ಐದು ನಿಮಿಷ ಮೂವರೂ ಸುಮ್ಮನೆ ಕೂತೆವು. ಹೊರಗೆ ಪಾಳಿ ಕಾಯುವವರು ಕೆಮ್ಮತೊಡಗಿದರು.

"ಇವತ್ತ ಹೇಳಲಿಕ್ಕಿಲ್ಲ, ಪರವಾಗಿಲ್ಲ" ಎಂದರು ಡಾಕ್ಟರು. "ಗುಳಿಗಿ ಅರ್ಧಾ ಕೆಲಸಾ ಮಾಡ್ತದ್ರಿ. ಉಳಿದ ಅರ್ಧಾ ನೀವು ದಿನಾ ಇವರನ್ನ ಕೇಳೂದರಾಗ ಅದ. ಕೇಳಿ, ಕಾಯ್ರಿ." ಸಂಜೆಗೆ ಒಂದು ಗುಳಿಗೆ, ತೀರಾ ಚಡಪಡಿಸಿದರೆ ಮಾತ್ರ ಅರ್ಧ ಹೆಚ್ಚು.

ಇನ್ನೊಂದು: ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಬೇಕು. ಎಷ್ಟೋ ಮಂದಿಗೆ ಹಾಕಿದವಳಿಗೆ ಅಣ್ಣನದು ದೊಡ್ಡದಲ್ಲ. ಆದರೆ ಅರ್ಜಿ ಹಾಕಿದರೆ ಪಂಚಾಯಿತಿಯ ಗೋಡೆಯ ಮೇಲೆ ಹೆಸರು ಬರುತ್ತದೆ, ಹೆಸರಿನ ಮುಂದೆ ಮಾನಸಿಕ ಅಸ್ವಸ್ಥತೆ ಎಂದೂ ಬರುತ್ತದೆ. ಶಿವರಾತ್ರಿ ಕಳೆಯಲಿ.

ಫೆಬ್ರವರಿ 14, ಶುಕ್ರವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು. ಇಂಥ ದಿನ ಮತ್ತೆ ಬರುತ್ತದೋ ಇಲ್ಲವೋ.

ನಮ್ಮ ಹಿತ್ತಲಿಗೆ ಹೊಂದಿ ಯಲ್ಲಾಲಿಂಗನ ದ್ರಾಕ್ಷಿ ತೋಟ. ಯಲ್ಲಾಲಿಂಗ ಪಂಚಾಯಿತಿ ಮೆಂಬರು, ಕೈ ಎತ್ತಿ ಕೊಡುವ ಮನುಷ್ಯ. ಅವನ ಬೋರಿನ ಮೋಟಾರು ಬೆಳಿಗ್ಗೆ ನಿಂತುಹೋಗಿತ್ತು. ಹಣ್ಣು ತುಂಬಿದ ಹೊತ್ತು, ನೀರಿಲ್ಲದಿದ್ದರೆ ಬೆಳೆ ಕೈ ಬಿಟ್ಟಂತೆ. "ಮೋಟಾರ ಸುಟ್ಟೈತಿ, ಮ್ಯಾಲ ಎತ್ತಬೇಕು" ಎಂದು ಅವನು ಕೂಗಾಡುವುದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಾನು ಅಣ್ಣನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅಣ್ಣ ಕಿವಿ ಆ ಕಡೆ ಮಾಡಿದ. ಗುಂಡಿ ಒತ್ತಿದಾಗ ಬರುವ ಗುಂಯ್ ಎನ್ನುವ ಸದ್ದನ್ನು ಮೂರು ಸಲ ಕೇಳಿದ.

"ಸುಟ್ಟಿಲ್ಲ" ಎಂದ.

ಎಣ್ಣೆಯ ಬಟ್ಟಲು ನನ್ನ ಕೈ ಜಾರಿತು. ಹದಿನೆಂಟು ದಿನದಲ್ಲಿ ಅದು ಮೊದಲ ಮಾತು.

"ಮೋಟಾರ ಸುಟ್ಟಿಲ್ಲ. ಕಂಡೆನ್ಸರ ಹೋಗೈತಿ" ಎಂದ. ಯಾರೂ ಏಳು ಎನ್ನದೆ ತಾನೇ ಎದ್ದ. ಬೇಲಿ ದಾಟಿ ಸ್ಟಾರ್ಟರಿನ ಡಬ್ಬಿಯ ಮುಂದೆ ಕೂತ. ನಾನು ಕುಂಟುತ್ತ ಹಿಂದೆ ಓಡಿದೆ. "ಸೌಬಿ, ಪಕ್ಕಡ ಕೊಡ" ಎಂದು ಇಕ್ಕಳದ ಕಡೆ ಕೈ ತೋರಿಸಿದ. ಸೌಬಿ! ಆ ಹೆಸರಿನಿಂದ ನನ್ನನ್ನು ಕರೆಯುವವರು ಈ ಭೂಮಿಯ ಮೇಲೆ ಬೇರೆ ಯಾರೂ ಇಲ್ಲ. ಯಾವ ತಂತಿ ಎಲ್ಲಿಗೆ ಹೋಗಬೇಕೆಂದು ಅವನ ಬೆರಳುಗಳಿಗೆ ಗೊತ್ತಿತ್ತು. ಯಲ್ಲಾಲಿಂಗನ ಹಳೆಯ ಡಬ್ಬಿಯಿಂದ ಬೇರೆ ಕಂಡೆನ್ಸರು ಬಿಚ್ಚಿ ಹಾಕಿದ, ಗುಂಡಿ ಒತ್ತಿದ. ನೀರು ಬಂತು. ಅಣ್ಣ ನಕ್ಕ. ಕೆಳಗಿನ ಎರಡು ಹಲ್ಲು ಇಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾನೂ ನಕ್ಕೆ, ಅತ್ತೆ.

ಯಲ್ಲಾಲಿಂಗ ಕೆಸರಿನಲ್ಲೇ ಅಣ್ಣನ ಕಾಲಿಗೆ ಉದ್ದಕ್ಕೆ ಬಿದ್ದ. "ಅಜ್ಜಾರ ಕೈ ಮುಟ್ಟಿದ್ದ ತಡ, ಗಂಗವ್ವ ಉಕ್ಕಿದಳು ನೋಡ್ರಿ!" ಎಂದು ಊರೆಲ್ಲ ಸಾರಿದ. ಸಂಜೆಯೊಳಗೆ ಪಕ್ಕದ ಊರಿನಿಂದಲೂ ಟಂಟಂ ಗಾಡಿ ಮಾಡಿಕೊಂಡು ಜನ ಬಂದರು. ಕಂಡೆನ್ಸರ್ ಎಂಬ ಮಾತು ಯಾರ ಕಿವಿಗೂ ಹೋಗಲಿಲ್ಲ.

ಸಂಜೆ ಅಣ್ಣ ತಾನಾಗಿ ಕೇಳಿದ: "ಬಬಲೇಶ್ವರದಾಗ ನನ್ನ ಅಂಗಡಿ ಐತೇನ ಇನ್ನಾ?" ಅಲ್ಲಿ ಈಗ ಮೊಬೈಲಿನ ಅಂಗಡಿ ಇದೆ. "ನೋಡೂಣು ಯಣ್ಣಾ, ಬ್ಯಾರೆ ಹಿಡಿಯೂಣು" ಎಂದೆ. ಡಾಕ್ಟರರಿಗೆ ಫೋನು ಮಾಡಿದೆ, ಅವರಿಗೂ ಖುಷಿಯಾಯಿತು. ಅಂಗಡಿ ಇಡಿಸುತ್ತೇನೆ. ಅದಕ್ಕೆ ಸರ್ಕಾರದ ಸಾಲ ಇದೆ, ನನಗೆ ಗೊತ್ತಿಲ್ಲದ ಯೋಜನೆಯೇ?

ಫೆಬ್ರವರಿ 20, ಗುರುವಾರ

ಯಲ್ಲಾಲಿಂಗನ ಸೊಸೆಯ ಕುಬಸಕ್ಕೆ ಕರೆಯಲು ಅವನ ಹೆಂಡತಿಯೇ ಬಂದಿದ್ದಳು, ಕುಂಕುಮದ ಬಟ್ಟಲು ಹಿಡಿದು. ಬಸುರಿಯ ಶಾಸ್ತ್ರಕ್ಕೆ ನನ್ನನ್ನು ಈ ಊರಿನಲ್ಲಿ ಯಾರೂ ಕರೆದವರಲ್ಲ. ಮದುವೆಯಾಗದ ಕುಂಟಿ, ಎದುರಿಗೆ ಬಂದರೆ ಸಾಕು ದಾರಿ ಬದಲಿಸುತ್ತಿದ್ದರು. ಇವತ್ತು ಕುರ್ಚಿ ಹಾಕಿದರು. ಉಳಿದವರೆಲ್ಲ ಜಮಖಾನದ ಮೇಲೆ. ಮೊದಲ ಆರತಿ ನನ್ನ ಕೈಯಿಂದ ಎತ್ತಿಸಿದರು. "ಅಕ್ಕಾರ, ನಿಮ್ಮ ಹಸ್ತಗುಣ ಬೇಕ್ರಿ" ಎಂದರು. ಮೂವತ್ತೆಂಟು ವರ್ಷ ಈ ಊರಿನ ನೀರು ಕುಡಿದಿದ್ದೇನೆ, ಇವತ್ತು ಈ ಊರಿನವಳಾದೆ. ಸಂತೋಷವಾಯಿತು. ಯಾಕೆ ಮುಚ್ಚಿಡಬೇಕು, ಬಹಳ ಸಂತೋಷವಾಯಿತು. ಹುಳಿಬಾನ, ಗಾರಿಗೆ, ಐದು ತರದ ಪಲ್ಯ. ನನಗೂ ಹಸಿರು ಸೀರೆ ಉಡಿಸಿದರು.

ಅಣ್ಣನನ್ನು ಒಳಗೆ ಕೂರಿಸಿ ಹೋಗಿದ್ದೆ. ಬಂದಾಗ ಅಲ್ಲೇ ಕೂತಿದ್ದ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಬೆಳಗಿನಿಂದ ಅಂಗಳದಲ್ಲಿ ಪಾಳಿ. ಅಣ್ಣನಿಗೆ ಕಾವಿಯ ಶಲ್ಯ ಹೊದಿಸಿದ್ದರು. ನಾನು ಪಕ್ಕದಲ್ಲಿ ಕೂತು ಬಂದವರನ್ನು ಮುಂದೆ ಬಿಡುತ್ತಿದ್ದೆ. ಇಲ್ಲದಿದ್ದರೆ ನೂಕಾಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ನಮ್ಮ ಕಡೆಯವಳಲ್ಲ, ದೂರದ ಹಳ್ಳಿಯವಳು. ಅಣ್ಣನ ಕಾಲು ಹಿಡಿದು ಅಳತೊಡಗಿದಳು. "ನನ್ನ ಮಗಗ ತಲಿ ಸರಿ ಇಲ್ರಿ ಯಪ್ಪಾ. ಮೂರ ವರ್ಷಾತು ದನದ ಕೊಟಗ್ಯಾಗ ಕಟ್ಟಿ ಹಾಕೇವ್ರಿ. ಆಶೀರ್ವಾದ ಮಾಡ್ರಿ."

ಅಣ್ಣ ನೆಲದಿಂದ ಕಣ್ಣೆತ್ತಿದ. ಆಕೆಯನ್ನು ಸರಿಯಾಗಿ ನೋಡಿದ. "ಬಿಚ್ಚ ಅವನ್ನ" ಎಂದ.

ಅಜ್ಜಾರು ಮೌನ ಮುರಿದಿದ್ದರು.

"ಬಿಚ್ಚಬೇ. ನನ್ನೂ ಕಟ್ಟಿದ್ರು. ನೋಡ ಇಲ್ಲೆ." ಪಂಚೆ ಸರಿಸಿ ಹರಡನ್ನು ತೋರಿಸಿದ. "ನಾ ಸ್ವಾಮಿ ಅಲ್ಲ. ನಾ ಯಾ ಮಠಾನೂ ನೋಡಿಲ್ಲ. ಟಿಕೋಟಾದಾಗ ಹುಚ್ಚರ ಶೆಡ್ಡಿನ್ಯಾಗ ಇದ್ದೆ. ಸರಪಳಿ ಹಾಕಿದ್ರ ಹುಚ್ಚ ಹೋಗಂಗಿಲ್ಲ, ಮನಷ್ಯಾನ ಹೋಗತಾನ. ಬಿಚ್ಚು."

ಎಷ್ಟು ಸ್ಪಷ್ಟವಾಗಿ ಹೇಳಿದ! ಹನ್ನೆರಡು ವರ್ಷ ಮೈಕು ಹಿಡಿದು ನನಗೂ ಹೀಗೆ ಹೇಳಲು ಬಂದಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಅವಳ ತುಟಿ ಬೆಳ್ಳಗಾಗಿತ್ತು. ಯಲ್ಲಾಲಿಂಗನ ಹೆಂಡತಿ ಕೇಳಿದಳು: "ಏನ್ರಿ ಅಕ್ಕಾರ, ಅಜ್ಜಾರು ಅನ್ನೂದ ಖರೇ ಏನ್ರಿ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ಆದರೆ ಅಷ್ಟು ಜನ, ಅವ್ವನಿಗೆ ಬೇರೆ ರಕ್ತದೊತ್ತಡ, ಅಣ್ಣನ ಮೇಲೇ ಕೈ ಮಾಡಿದರೆ ಏನು ಗತಿ? ನಾನೊಬ್ಬಳು ಕುಂಟಿ ಎಷ್ಟು ಜನರನ್ನು ತಡೆಯಲಿ? ನನ್ನ ಬಾಯಿಂದ ಮಾತು ತಾನೇ ಬಂತು.

"ಬೆಡಗಿನ ಮಾತವಾ. ಅಜ್ಜಾರು ಸಂಸಾರದ ಸರಪಳಿ ಬಗ್ಗೆ ಹೇಳಾಕತ್ಯಾರ. ನಾವೆಲ್ಲಾ ಹುಚ್ಚರ ಅಲ್ಲೇನು, ಮಾಯಾದ ಶೆಡ್ಡಿನ್ಯಾಗ ಇದ್ದಾವ್ರು. ತಿಳೀಬೇಕು."

"ಹೌದಲ್ರಿ, ಎಂಥಾ ಮಾತು!" ಎಂದು ಮಂದಿ ತಲೆದೂಗಿದರು. ಒಬ್ಬ ಹುರುಪಿನ ಹುಡುಗಿ ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳು. ಆ ಹೆಂಗಸು ಕಣ್ಣೊರೆಸಿಕೊಂಡು ವಿಭೂತಿ ಕಟ್ಟಿಕೊಂಡು ಸಮಾಧಾನದಿಂದ ಹೋದಳು. ಅವಳ ಊರಿನ ಹೆಸರನ್ನಾದರೂ ಕೇಳಬೇಕಿತ್ತು. ನನ್ನ ವ್ಯಾಪ್ತಿಗಂತೂ ಬರುವುದಿಲ್ಲ.

ಅಣ್ಣ ನನ್ನನ್ನೇ ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣು ಮತ್ತೆ ನೆಲಕ್ಕೆ ಹೋಯಿತು.

ಮಾರ್ಚ್ 2, ಭಾನುವಾರ

ಸಂಜೆಯ ಗುಳಿಗೆ ಒಂದೂವರೆ ಮಾಡಿದ್ದೇನೆ. ಚಡಪಡಿಸಿದರೆ ಕೊಡಿ ಎಂದು ಡಾಕ್ಟರೇ ಹೇಳಿದ್ದಾರೆ. ಜನ ಬಂದಾಗ ಚಡಪಡಿಸಬಹುದು.

ಮಾರ್ಚ್ 11, ಮಂಗಳವಾರ

ಸುಮಂಗಲಾ ಮೇಡಂ ವರದಿ ಕೇಳಿದ್ದರು. ಬಿಡುಗಡೆಯಾದವರ ಈಗಿನ ಸ್ಥಿತಿ ಎಂಬ ನಮೂನೆ. ಟಿಕೋಟಾದ ಮೂವತ್ತೊಂದು ಮಂದಿಯಲ್ಲಿ ಹನ್ನೊಂದು ಜನರನ್ನು ಮನೆಯವರು ಸೇರಿಸಲೇ ಇಲ್ಲವಂತೆ, ಬೇರೆ ಕಡೆ ಸಾಗಿಸಿದ್ದಾರೆ. ಮೂವರ ಸುಳಿವೇ ಇಲ್ಲ. ಒಬ್ಬ ಬಸ್ ನಿಲ್ದಾಣದಲ್ಲಿ ತೀರಿಕೊಂಡ.

ನಾನು ತುಂಬಿದೆ. ಕುಟುಂಬದೊಂದಿಗೆ ವಾಸ: ಹೌದು. ಸಮುದಾಯದಲ್ಲಿ ಸ್ವೀಕಾರ: ಹೌದು. ಗೌರವಯುತ ಬದುಕು: ಹೌದು. ಸುಳ್ಳು ಎಲ್ಲಿದೆ ಇದರಲ್ಲಿ? ಇಡೀ ತಾಲ್ಲೂಕಿಗೆ ನನ್ನದೇ ಯಶಸ್ವಿ ಉದಾಹರಣೆ ಎಂದು ಮೇಡಂ ಗುಂಪಿನಲ್ಲಿ ಬರೆದರು. ಇಪ್ಪತ್ತೆಂಟು ಹೆಬ್ಬೆರಳು ಬಂದವು.

ಅಣ್ಣ ಎಬ್ಬಿಸಿದರೆ ಬೇಗ ಏಳುವುದಿಲ್ಲ ಈಗ. ಚಪ್ಪಾಳೆ ತಟ್ಟಿದರೆ ಏಳುತ್ತಾನೆ. ಬಂದವರು ಅದನ್ನು ಭಜನೆಯ ತಾಳ ಎಂದುಕೊಳ್ಳುತ್ತಾರೆ.

ಮಾರ್ಚ್ 18, ಮಂಗಳವಾರ

ಜೀವ ಬಾಯಿಗೆ ಬಂದಿತ್ತು. ಮಧ್ಯಾಹ್ನ ಅವ್ವ ಅಡ್ಡಾಗಿದ್ದಾಗ ಅಣ್ಣ ಹೊರಗೆ ನಡೆದುಬಿಟ್ಟಿದ್ದಾರೆ. ಬಬಲೇಶ್ವರದ ದಾರಿಯಲ್ಲಿ, ಆ ಉರಿಬಿಸಿಲಿನಲ್ಲಿ, ಬರಿಗಾಲಲ್ಲಿ. ನೋಡಿದವರು ನಮಸ್ಕಾರ ಮಾಡಿ, ಟ್ರ್ಯಾಕ್ಟರಿನಲ್ಲಿ ಕೂರಿಸಿ, ಡೊಳ್ಳು ಬಡಿಯುತ್ತ ತಿರುಗಿ ಕರೆತಂದರು. "ಅಜ್ಜಾರು ಪಾದಯಾತ್ರಾ ಹೊಂಟಿದ್ರು" ಎಂದರು.

"ಎಲ್ಲಿಗೆ ಹೊಂಟಿದ್ದಿ?" ಎಂದು ಒಳಗೆ ಕರೆದುಕೊಂಡು ಹೋಗಿ ಕೇಳಿದೆ.

"ಅಂಗಡಿಗೆ" ಎಂದರು. ನಾಲಿಗೆ ತೊದಲುತ್ತಿತ್ತು.

ಲಾರಿಯ ಅಡಿಗೆ ಸಿಕ್ಕಿದ್ದರೆ? ಮನೆ ಓಣಿಯ ನಡುವೆ ಇದೆ, ಕಾಯುವವರು ಯಾರು? ಅವ್ವನಿಗೆ ಎಪ್ಪತ್ತೆರಡು, ನನಗೆ ಒಂದೇ ಕಾಲು. ಲಾಡಲೇಸಾಬನ ಕಷ್ಟ ನನಗೆ ಆ ದಿನ ತಿಳಿದಿರಲಿಲ್ಲ.

ಮಾರ್ಚ್ 23, ಭಾನುವಾರ

ಯಲ್ಲಾಲಿಂಗ ಮತ್ತು ಊರಿನ ನಾಲ್ಕು ಹಿರಿಯರು ಬಂದಿದ್ದರು. ಊರ ಹೊರಗೆ ಅವನ ಹೊಲದ ದಂಡೆಯಲ್ಲಿ ಒಂದು ಹಳೆಯ ಮಠ ಇದೆ, ಹತ್ತು ವರ್ಷದಿಂದ ದೀಪ ಹಚ್ಚುವವರಿಲ್ಲ. ಯಲ್ಲಾಲಿಂಗ ಸುಣ್ಣ ಬಳಿಸುತ್ತಾನಂತೆ, ಹೆಂಚು ತಿರುವಿಸುತ್ತಾನಂತೆ, ಕಿಟಕಿಗೆ ಸರಳು ಹಾಕಿಸುತ್ತಾನಂತೆ. ಅಜ್ಜಾರು ಅಲ್ಲೇ ಇರಲಿ, ಊರಿಗೆ ಬೆಳಕಾಗುತ್ತದೆ ಎಂದರು. ಪಾಳಿಯ ಮೇಲೆ ಮನೆಮನೆಯಿಂದ ಊಟ. ನಾನು ದಿನವೂ ಹೋಗಿ ಗುಳಿಗೆ, ಅಂದರೆ ಪ್ರಸಾದದ ಜೊತೆ, ಕೊಟ್ಟು ಬರಬಹುದು.

"ಯವ್ವಾ ಸೌಭಾಗ್ಯಾ, ಒಪ್ಪಕೋ" ಎಂದಳು ಅವ್ವ. "ನಾ ಸತ್ತ ಮ್ಯಾಲ ಅವನ್ನ ಯಾರ ನೋಡತಾರ ಅನ್ನೂ ಚಿಂತಿ ಹೋತು." ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಗೆಲುವು ನೋಡಿದೆ. ಅಪ್ಪ ಹೇಳಿದ ಸುಳ್ಳು ನಿಜವಾಯಿತು. ಇನ್ನು ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ನಾನು ಸುಮ್ಮನೆ ಒಪ್ಪಿಲ್ಲ. ಡಾಕ್ಟರು ಹೇಳಿದ್ದು ನೆನಪಿದೆ. ಅಣ್ಣನನ್ನೇ ಕೇಳಿದೆ, ಎಲ್ಲರ ಎದುರಿಗೆ: "ಯಣ್ಣಾ, ಮಠದಾಗ ಇರತಿಯೇನು?"

"ನೀ ಹೇಳಿದಂಗ" ಎಂದರು.

ಒಪ್ಪಿದ್ದಾರೆ. ಕಾಯ್ದೆಯ ಪ್ರಕಾರವೂ ಇದೇ ಸರಿ, ರೋಗಿಯ ಒಪ್ಪಿಗೆ ಬೇಕು.

ಮಾರ್ಚ್ 26, ಬುಧವಾರ

ಡಾಕ್ಟರ್ ಮಧ್ವೇಶ ಎರಡು ಸಲ ಫೋನು ಮಾಡಿದ್ದರು, ಈ ತಿಂಗಳ ತಪಾಸಣೆಗೆ ಯಾಕೆ ಬರಲಿಲ್ಲ ಎಂದು ಕೇಳಲು ಇರಬೇಕು. ಸುಣ್ಣದ ಕೆಲಸದ ಗಡಿಬಿಡಿಯಲ್ಲಿ ಎತ್ತಲಾಗಲಿಲ್ಲ. ಗುಳಿಗೆ ಔಷಧದ ಅಂಗಡಿಯಲ್ಲೇ ಸಿಗುತ್ತದೆ, ಹಳೆಯ ಚೀಟಿ ತೋರಿಸಿದರೆ ಸಾಕು.

ಮಾರ್ಚ್ 30, ಯುಗಾದಿ

ಒಳ್ಳೆಯ ದಿನ. ಬೆಳಿಗ್ಗೆ ಬೇವು-ಬೆಲ್ಲ ತಿನ್ನಿಸಿ, ಎಣ್ಣೆ ನೀರು ಹಾಕಿ, ಹೊಸ ಕಾವಿ ಉಡಿಸಿದೆವು. ಹಲಗೆ, ಡೊಳ್ಳು, ಮುತ್ತೈದೆಯರ ಕಳಸ. ನನಗೂ ಒಂದು ಕಳಸ ಕೊಟ್ಟಿದ್ದರು. ಬಿಸಿಲು ಏರುವ ಮೊದಲೇ ಮಠ ಮುಟ್ಟಿದೆವು.

ಯಲ್ಲಾಲಿಂಗ ಚೊಕ್ಕ ಕೆಲಸ ಮಾಡಿಸಿದ್ದಾನೆ. ಒಂದೇ ಕೋಣೆ, ಆದರೆ ಗಾಳಿ ಚೆನ್ನಾಗಿದೆ. ಕಟ್ಟೆಯ ಮೇಲೆ ಹೊಸ ಗಾದಿ, ಮೂಲೆಯಲ್ಲಿ ನೀರಿನ ಹರವಿ. ಬಾಗಿಲಿಗೆ ಹೊರಗಿನಿಂದ ಕೊಂಡಿ ಹಾಕಿಸಿದ್ದಾನೆ, ಹೊಲದ ಕಡೆ ನಾಯಿ ಹಂದಿ ಬಹಳ. ಕೀಲಿ ಎರಡು, ಒಂದು ಅವನ ಹತ್ತಿರ, ಇನ್ನೊಂದು ನನ್ನ ಹತ್ತಿರ.

ಎಲ್ಲರೂ ಜಯಕಾರ ಹಾಕಿದರು. ಗಾದಿಯ ಮೇಲೆ ಕೂರಿಸಲು ನಾನು ಅಜ್ಜಾರ ಕೈ ಹಿಡಿದು ಒಳಗೆ ಕರೆದೊಯ್ದೆ. ಹೊಸಲಿನ ಹತ್ತಿರ ನಿಂತರು. ಕೋಣೆಯ ನಾಲ್ಕು ಗೋಡೆಯನ್ನು ನೋಡಿದರು, ಕಿಟಕಿಯ ಸರಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಗುರುತಿಲ್ಲದವರನ್ನು ಕೇಳುವಂತೆ ಬಹಳ ಮರ್ಯಾದೆಯಿಂದ ಕೇಳಿದರು:

"ಇಲ್ಲೆ ಎಷ್ಟ ವರ್ಷ ಇರಬೇಕ್ರಿ?"

ಅಜ್ಜಾರು ಮಾತಾಡಿದರು, ಅಜ್ಜಾರು ಮಾತಾಡಿದರು ಎಂದು ಹಿಂದಿದ್ದ ಹೆಂಗಸರೆಲ್ಲ ಕೈಮುಗಿದರು. ನಾನೂ ಮುಗಿದೆ.